‘ಮಣುಸಿಣೀ’ ಶಬ್ದವೂ ‘ಸಂಜದ’ ಪದವೂ: ಆಗಮದ ಶಬ್ದಶಃ ಅನುವಾದವನ್ನು ಕುರಿತು ಒಂದು ವಿಮರ್ಶೆ

ಆಗಮಗ್ರಂಥಗಳ ಅನುವಾದಕ್ಕೆ ಕೈಯಿಟ್ಟವರು ತಮ್ಮ ಮುನ್ನುಡಿಯಲ್ಲಿ ಬಹುಮಟ್ಟಿಗೆ ಒಂದೇ ಪ್ರತಿಜ್ಞೆಯನ್ನು ಮಾಡುತ್ತ ಬಂದಿದ್ದಾರೆ. ಮೂಲದಲ್ಲಿದ್ದುದನ್ನು ಬಿಟ್ಟಿಲ್ಲ, ಇಲ್ಲದುದನ್ನು ಸೇರಿಸಿಲ್ಲ, ಪದಕ್ಕೆ ಪದವನ್ನಿಟ್ಟು ಭಾಷಾಂತರಿಸಿದೆ ಎಂಬುದು ಆ ಪ್ರತಿಜ್ಞೆ. ಕಾವ್ಯದ ಅನುವಾದಕನಿಗೆ ಇಂಥ ನಿರ್ಬಂಧವಿಲ್ಲ. ಆಗಮದ ಅನುವಾದಕನಿಗೆ ಉಂಟು. ಆಪ್ತವಚನದಲ್ಲಿ ತನ್ನ ಮಾತನ್ನು ಬೆರಸುವುದು ದೋಷವೆಂಬ ಭೀತಿಯೇ ಇದರ ಹಿಂದಿರುವುದರಿಂದ ಆ ಪ್ರತಿಜ್ಞೆಯು ಗೌರವಾರ್ಹವೇ ಸರಿ. ಆದರೆ ಪದಕ್ಕೆ ಪದವನ್ನಿಡುವವನು ಮೊದಲು ಎರಡು ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಳ್ಳಬೇಕಾಗುತ್ತದೆ. ಮೂಲದಲ್ಲಿ ನಿಜವಾಗಿ ಇರುವ ಪದ ಯಾವುದು? ಆ ಪದಕ್ಕೆ ಆ ಶಾಸ್ತ್ರದಲ್ಲಿ ಅರ್ಥವೇನು? ಮೊದಲನೆಯದು ಹಸ್ತಪ್ರತಿಗಳಿಗೆ ಸೇರಿದ ಪ್ರಶ್ನೆ, ಎರಡನೆಯದು ಪರಿಭಾಷೆಗೆ ಸೇರಿದ್ದು. ಇವೆರಡೂ ಒಂದೇ ಸೂತ್ರದಲ್ಲಿ ಹೆಣೆದುಕೊಂಡು, ಪಂಡಿತವರ್ಗವನ್ನು ಎರಡು ಪಕ್ಷಗಳಾಗಿ ಒಡೆದ ಪ್ರಸಂಗವು ಇಪ್ಪತ್ತನೆಯ ಶತಮಾನದಲ್ಲಿಯೇ ನಡೆದುಹೋಗಿದೆ. ಷಟ್ಖಂಡಾಗಮದ ಜೀವಸ್ಥಾನದ ಸತ್ಪ್ರರೂಪಣೆಯಲ್ಲಿರುವ ೯೩ನೆಯ ಸೂತ್ರವೇ ಆ ಪ್ರಸಂಗದ ಕೇಂದ್ರ. ಅದನ್ನು ಕುರಿತ ವಾದಗಳು ತಣ್ಣಗಾಗಿ ಬಹುಕಾಲವಾಯಿತಾದರೂ ಅವುಗಳಲ್ಲಿ ಅನುವಾದದ ಪಾತ್ರವೇನು ಎಂಬ ಅಂಶವನ್ನು ಬೇರೆಯಾಗಿ ತೆಗೆದು ನೋಡಿದವರು ಕಡಿಮೆ. ಧವಲಾದಿ ಗ್ರಂಥಗಳು ಕನ್ನಡಕ್ಕೆ ಬರುತ್ತಿರುವ ಈ ಕಾಲದಲ್ಲಿ ಅದನ್ನು ಮತ್ತೆ ಪರಿಶೀಲಿಸುವುದು ಅನುಚಿತವಾಗದು.

ಧರಸೇನಾಚಾರ್ಯರಿಂದ ಶ್ರುತವನ್ನು ಪಡೆದ ಪುಷ್ಪದಂತ-ಭೂತಬಲಿಗಳು ಷಟ್ಖಂಡಾಗಮವನ್ನು ರಚಿಸಿದ ವೃತ್ತಾಂತವೂ, ಅದರ ಮೇಲೆ ವೀರಸೇನಾಚಾರ್ಯರು ಧವಲಾ ಟೀಕೆಯನ್ನು ಬರೆದ ವೃತ್ತಾಂತವೂ ವಿದಿತವೇ ಆಗಿವೆ. ಧವಲೆಯು ಮುಗಿದ ಕಾಲವನ್ನು ಹೀರಾಲಾಲ ಜೈನರು ಕ್ರಿ. ಶ. ೮೧೬ ಎಂದು ನಿರ್ಣಯಿಸಿದರು. ಇನ್ನೂ ಹಿಂದಕ್ಕೆ ಒಯ್ಯುವವರೂ ಉಂಟು. ಈ ಗ್ರಂಥಗಳ ಪ್ರಾಚೀನ ಪ್ರತಿಗಳು ಮೂಡಬಿದರೆಯ ಸಿದ್ಧಾಂತ ಬಸದಿಯೊಂದರಲ್ಲೇ, ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಉಳಿದುಬಂದವು. ಶತಮಾನಗಳ ಕಾಲ ಅವು ದರ್ಶನದ ವಸ್ತುಗಳಾಗಿದ್ದವೇ ಹೊರತು ಅಧ್ಯಯನದ ವಸ್ತುಗಳಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೊಲ್ಲಾಪುರ-ಮುಂಬಯಿಗಳ ಶ್ರಾವಕರ ಪ್ರಯತ್ನದಿಂದ ಪ್ರತಿಲೇಖನ ಆರಂಭವಾಯಿತು. ಗಜಪತಿ ಉಪಾಧ್ಯಾಯರೇ ಮೊದಲಾದವರು ದಶಕಗಟ್ಟಲೆ ಕುಳಿತು ಓಲೆಗಳನ್ನು ನಾಗರಿಗೂ ಕನ್ನಡಕ್ಕೂ ಇಳಿಸಿದರು. ಆ ಪ್ರತಿಗಳು ಕ್ಷೇತ್ರದಿಂದ ಹೊರಗೆ ಹೋಗಬಾರದೆಂಬ ಕಟ್ಟಿದ್ದಿತು. ಆದರೂ ಪ್ರತಿಕಾರರ ಮನೆಯಲ್ಲಿಯೇ ಗುಟ್ಟಾಗಿ ಸಿದ್ಧವಾದ ಕನ್ನಡ ಪ್ರತಿಯೊಂದು ಸಹಾರನಪುರವನ್ನು ಸೇರಿತು. ಅಲ್ಲಿ ಅದು ನಾಗರಿಗೆ ಇಳಿಯಿತು. ಆ ನಾಗರಿಯಿಂದ ಮತ್ತೆ ಮತ್ತೆ ಪ್ರತಿಗಳಾಗಿ ಆರಾ, ಕಾರಂಜಾ, ಅಮರಾವತಿ ಮುಂತಾದ ಊರುಗಳಿಗೆ ಹರಡಿತು. ೧೯೩೯ರಲ್ಲಿ ಅಮರಾವತಿಯಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟವು ಪ್ರಕಟವಾದಾಗ ಸಂಪಾದಕರ ಕೈಯಲ್ಲಿದ್ದುದು ಇಂಥ ಪ್ರತಿಯ ಪ್ರತಿಗಳೇ; ಮೂಡಬಿದರೆಯ ಓಲೆಗಳು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಈ ಇತಿಹಾಸವನ್ನು ಇಲ್ಲಿ ನೆನಪಿಸಲು ಕಾರಣವಿದೆ. ‘ಮೂಲ’ ಎಂದು ಅನುವಾದಕನು ಯಾವುದನ್ನು ಕರೆಯುತ್ತಾನೆಯೋ ಅದು ಓಲೆಯಿಂದ ನಾಲ್ಕೈದು ಹೆಜ್ಜೆ ದೂರವಿರಬಹುದು.

ಇನ್ನು ಸೂತ್ರದ ವಿಷಯ. ಮನುಷ್ಯಗತಿಯಲ್ಲಿ ‘ಮಣುಸಿಣೀ’ ಎಂದು ಹೆಸರಿಸಲ್ಪಟ್ಟ ಜೀವಗಳು ಯಾವ ಗುಣಸ್ಥಾನದಲ್ಲಿ ಪರ್ಯಾಪ್ತವಾಗಿರುತ್ತವೆ, ಯಾವುದರಲ್ಲಿ ಅಪರ್ಯಾಪ್ತವಾಗಿಯೂ ಇರಬಹುದು ಎಂಬುದನ್ನು ೯೨ ಮತ್ತು ೯೩ನೆಯ ಸೂತ್ರಗಳು ಹೇಳುತ್ತವೆ. ಮೊದಲೆರಡು ಗುಣಸ್ಥಾನಗಳಲ್ಲಿ ಎರಡು ಅವಸ್ಥೆಗಳೂ ಸಂಭವಿಸುತ್ತವೆಂಬುದು ಹಿಂದಿನ ಸೂತ್ರ. ಮೂರನೆಯದರಿಂದ ಮುಂದೆ ನಿಯಮದಿಂದ ಪರ್ಯಾಪ್ತವೇ ಎಂಬುದು ೯೩ನೆಯದು. ‘ಮುಂದೆ’ ಎಂದರೆ ಎಲ್ಲಿಯವರೆಗೆ? ಸಂಪಾದಕರಿಗೆ ದೊರೆತ ಪ್ರತಿಗಳಲ್ಲಿ ಸೂತ್ರವು ಸಮ್ಯಗ್ಮಿಥ್ಯಾದೃಷ್ಟಿ, ಅಸಂಯತಸಮ್ಯಗ್ದೃಷ್ಟಿ, ಸಂಯತಾಸಂಯತ ಎಂಬ ಮೂರನ್ನು ಹೆಸರಿಸಿ ಅಲ್ಲಿಗೆ ನಿಲ್ಲುತ್ತಿದ್ದಿತು. ಅಂದರೆ ಐದನೆಯ ಗುಣಸ್ಥಾನಕ್ಕೆ ಮುಗಿಯುತ್ತಿದ್ದಿತು. ಸಂಪಾದಕರು ಸೂತ್ರವನ್ನು ಹಾಗೆಯೇ ಮುದ್ರಿಸಿದರು. ಅಡಿಟಿಪ್ಪಣಿಯಲ್ಲಿ ಮಾತ್ರ ಇಲ್ಲಿ ‘ಸಂಜದ’ ಎಂಬ ಪದವೊಂದು ಬಿಟ್ಟುಹೋದಂತೆ ತೋರುತ್ತದೆ ಎಂದು ಸೂಚಿಸಿದರು. ಪ್ರತಿಯಲ್ಲಿಲ್ಲದ ಪದವನ್ನು ಸೂತ್ರದೊಳಕ್ಕೆ ತುರುಕದೆ, ಇರಬೇಕೆಂದು ತೋರಿದುದನ್ನು ಮರೆಮಾಚದೆ ಅವರು ಕೈಗೊಂಡ ಈ ಕ್ರಮವು ಗ್ರಂಥಸಂಪಾದನೆಯ ದೃಷ್ಟಿಯಿಂದ ನಿರ್ದುಷ್ಟವಾದುದು. ಮುಂದೆ ಪಂಡಿತ ಲೋಕನಾಥ ಶಾಸ್ತ್ರಿಗಳೇ ಮೊದಲಾದವರ ನೆರವಿನಿಂದ ಮೂಡಬಿದರೆಯ ಓಲೆಗಳೊಡನೆ ಮುದ್ರಿತಪಾಠವನ್ನು ಹೋಲಿಸಿ ನೋಡುವ ಅವಕಾಶವು ದೊರೆತಾಗ ಓಲೆಯಲ್ಲಿ ‘ಸಂಜದ’ ಪದವು ಸ್ಪಷ್ಟವಾಗಿ ಇದ್ದುದು ತಿಳಿದುಬಂತು. ಊಹೆಯು ಸಾಕ್ಷ್ಯದಿಂದ ಸಮರ್ಥಿತವಾಗುವ ಇಂಥ ಸಂದರ್ಭಗಳು ಹಸ್ತಪ್ರತಿಗಳ ಅಧ್ಯಯನದಲ್ಲಿ ವಿರಳ.

ಪದವು ಹೇಗೆ ಬಿಟ್ಟುಹೋಯಿತು? ದಿಗಂಬರ ಸಿದ್ಧಾಂತದಲ್ಲಿ ದ್ರವ್ಯಸ್ತ್ರೀಗೆ ಐದನೆಯ ಗುಣಸ್ಥಾನದಿಂದ ಮೇಲೆ ಏರುವ ಅವಕಾಶವಿಲ್ಲದಿರುವುದರಿಂದ ಯಾರೋ ಪ್ರತಿಕಾರನು ಬುದ್ಧಿಪೂರ್ವಕವಾಗಿ ಅದನ್ನು ಕಿತ್ತಿರಬಹುದೆಂದು ಸಂಶಯಪಟ್ಟವರಿದ್ದಾರೆ. ಆ ಸಂಶಯಕ್ಕೆ ಆಧಾರ ಸಾಲದು. ಅದೇ ಪ್ರತಿಗಳಲ್ಲಿ, ದ್ರವ್ಯಪ್ರಮಾಣಾನುಗಮದಲ್ಲಿ, ಸಾಸಾದನದಿಂದ ಹಿಡಿದು ಅಯೋಗಕೇವಲಿಯವರೆಗಿನ ಮಾನುಷಿಯರ ಸಂಖ್ಯೆಯನ್ನು ಹೇಳುವ ಸೂತ್ರವು ಅಕ್ಷತವಾಗಿ ಉಳಿದಿದೆ. ಸಿದ್ಧಾಂತರಕ್ಷಣೆಗಾಗಿ ಒಂದೆಡೆ ಕತ್ತರಿಯಾಡಿಸಿದವನು ಇನ್ನೊಂದೆಡೆ ಅದಕ್ಕಿಂತ ಸ್ಪಷ್ಟವಾದ ಮಾತನ್ನು ಉಳಿಸುತ್ತಿರಲಿಲ್ಲ. ಸರಳವಾದ ಕಾರಣವು ಲಿಪಿಯಲ್ಲಿಯೇ ಇದೆ. ‘ಸಂಜದಾಸಂಜದ’ ಎಂಬುದಾದ ಮೇಲೆ ಮತ್ತೊಮ್ಮೆ ‘ಸಂಜದ’ ಬರಬೇಕು. ಅಂದರೆ ಒಂದೇ ಮೂರಕ್ಷರಗಳ ಗುಂಪು ಎಡೆಬಿಡದೆ ಮೂರು ಬಾರಿ ಬರುತ್ತದೆ. ಓಲೆಯಲ್ಲಿ ಪದಚ್ಛೇದವಿಲ್ಲ. ಅಲ್ಲದೆ ಕನ್ನಡ ಲಿಪಿಯ ಪ್ರಾಕೃತ ಪ್ರತಿಗಳಲ್ಲಿ ದ್ವಿತ್ವವನ್ನು ಸೂಚಿಸಲು ವ್ಯಂಜನದ ಹಿಂದೆ ಸೊನ್ನೆಯಿಡುವ ರೂಢಿಯುಂಟು; ಆ ರೂಢಿಯಂತೆ ಬರೆದರೆ ‘ಟ್ಠಾಣೇ’ ಎಂಬುದಕ್ಕೂ ಮುಂದೊಂದು ಸೊನ್ನೆ ಬಂದು ‘ಸಂಜದಾಸಂಜದಸಂಜದಂಠಾಣೇ’ ಎಂದಾಗುತ್ತದೆ. ಸೊನ್ನೆಯಿಂದ ಸೊನ್ನೆಗೆ ಹಾರುವ ಕಣ್ಣು ನಡುವಣ ಒಂದು ಗುಂಪನ್ನು ಬಿಟ್ಟುಬಿಡುವುದು ಅಸಹಜವೇನೂ ಅಲ್ಲ. ಇಂಥ ಲೋಪವು ಎಲ್ಲ ಭಾಷೆಗಳ ಪ್ರತಿಕಾರರಲ್ಲಿಯೂ ಕಾಣಸಿಗುತ್ತದೆ. ಲೋಪವು ಯಾರಿಂದ, ಯಾವ ಪ್ರತಿಯಲ್ಲಿ ಆಯಿತೆಂಬುದಕ್ಕಿಂತ ಹೆಚ್ಚಿನ ಮಹತ್ತ್ವದ ಸಂಗತಿಯೆಂದರೆ, ಲೋಪಗೊಂಡ ಪಾಠವು ಸಿದ್ಧಾಂತಕ್ಕೆ ಅನುಕೂಲವಾಗಿ ಕಂಡಿತೆಂಬುದು. ಅನುಕೂಲವಾದ ತಪ್ಪನ್ನು ಯಾರೂ ತಿದ್ದುವುದಿಲ್ಲ.

೧೯೪೦ರ ದಶಕದಲ್ಲಿ ವಿವಾದವು ಬಿರುಸಾಯಿತು. ಬೆಳಗಾವಿ ಜಿಲ್ಲೆಯ ಭೋಜಗ್ರಾಮದವರಾದ ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ ಧವಲಾದಿ ಸಿದ್ಧಾಂತಗ್ರಂಥಗಳನ್ನು ತಾಮ್ರಪತ್ರಗಳ ಮೇಲೆ ಕೊರೆಯಿಸುವ ಮಹತ್ಕಾರ್ಯವು ಆಗ ಕೈಗೊಳ್ಳಲ್ಪಟ್ಟಿತು. ಕಾಗದದ ಮೇಲಿನ ಅಡಿಟಿಪ್ಪಣಿಯನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ತಾಮ್ರದಲ್ಲಿ ಕೊರೆದ ಅಕ್ಷರವನ್ನು ತಿದ್ದುವುದೆಂತು? ಆದುದರಿಂದ ‘ಸಂಜದ’ ಪದವನ್ನಿಡಬೇಕೆ ಬಿಡಬೇಕೆ ಎಂಬ ಪ್ರಶ್ನೆಯು ಸಂಪಾದಕರ ಮೇಜಿನಿಂದ ಸಭೆಗಳಿಗೆ ಬಂದಿತು. ಒಂದು ಪಕ್ಷದವರು, ಆ ಪದವಿದ್ದರೆ ಸ್ತ್ರೀಯರಿಗೆ ಸಂಯಮವನ್ನೂ ತನ್ಮೂಲಕ ಮುಕ್ತಿಯನ್ನೂ ಆಗಮವೇ ಒಪ್ಪಿದಂತಾಗುತ್ತದೆ, ಆದಕಾರಣ ಅದು ಮೂಲದ್ದಲ್ಲ ಎಂದರು. ಪಂಡಿತ ಮಕ್ಖನಲಾಲ ಶಾಸ್ತ್ರಿಗಳು ಈ ಪಕ್ಷದ ಪ್ರಮುಖರು. ಇನ್ನು ಕೆಲವರು, ಪದವು ಓಲೆಯಲ್ಲಿಯೇ ಇರುವುದರಿಂದ ಸ್ತ್ರೀಮುಕ್ತಿಯ ವಿಷಯದಲ್ಲಿ ದಿಗಂಬರ-ಶ್ವೇತಾಂಬರರಿಗೆ ಪ್ರಾಚೀನಕಾಲದಲ್ಲಿ ಮೂಲಭೂತವಾದ ಭೇದವೇ ಇರಲಿಲ್ಲವೆನ್ನುವವರೆಗೂ ಹೋದರು. ಈ ಎರಡು ಪಕ್ಷಗಳೂ ಪರಸ್ಪರ ವಿರುದ್ಧವಾದವು. ಆದರೆ ಎರಡಕ್ಕೂ ನೆಲೆಗಟ್ಟು ಒಂದೇ ಎಂಬುದನ್ನು ಗಮನಿಸಬೇಕು. ಎರಡೂ ಕಡೆಯವರು ‘ಮಣುಸಿಣೀ’ ಎಂಬ ಶಬ್ದವನ್ನು ಲೋಕದಲ್ಲಿ ಹೆಂಗಸು ಎನ್ನುವ ಅರ್ಥದಲ್ಲಿ ತೆಗೆದುಕೊಂಡರು. ಹಿಂದೀ ಅನುವಾದಗಳಲ್ಲಿನ ‘ಮನುಷ್ಯ-ಸ್ತ್ರೀ’ ಎಂಬ ಮಾತು ಅವರ ಮುಂದಿದ್ದಿತು. ಒಬ್ಬರು ಆ ಅರ್ಥವನ್ನು ಉಳಿಸಲು ಮೂಲದ ಪದವನ್ನು ತೆಗೆಯಹೊರಟರು. ಮತ್ತೊಬ್ಬರು ಮೂಲದ ಪದವನ್ನು ಹಿಡಿದು ಸಂಪ್ರದಾಯವನ್ನು ಅಲುಗಿಸಹೊರಟರು. ನಡುವಣ ಅನುವಾದವನ್ನು ಪ್ರಶ್ನಿಸಲು ಇಬ್ಬರಿಗೂ ತೋಚಲಿಲ್ಲ. ಪದವೂ ಇರಬೇಕು, ಅರ್ಥವನ್ನೂ ಪರಿಭಾಷೆಯಂತೆ ಮಾಡಬೇಕು ಎಂದ ಮೂರನೆಯ ಪಕ್ಷದವರು ಇಲ್ಲದಿರಲಿಲ್ಲ. ಪಂಡಿತ ಫೂಲಚಂದ್ರ ಶಾಸ್ತ್ರಿಗಳಂಥವರ ಆ ಮಾತು ನೆಲೆಗೊಳ್ಳಲು ಕಾಲ ಹಿಡಿಯಿತು.

ವಾಸ್ತವವಾಗಿ ಈ ಎರಡು ಪ್ರಶ್ನೆಗಳಿಗೂ ಉತ್ತರವನ್ನು ಓಲೆಯನ್ನು ನೋಡದೆಯೇ ವೀರಸೇನರ ಟೀಕೆಯಿಂದ ಪಡೆಯಬಹುದಾಗಿದ್ದಿತು. ಟೀಕೆಯು ಮೂಲದ ಅರ್ಥಕ್ಕೆ ಮಾತ್ರವಲ್ಲ, ಮೂಲದ ಪಾಠಕ್ಕೂ ಸಾಕ್ಷಿ. ಪ್ರಕೃತ ಸೂತ್ರದ ಟೀಕೆಯಲ್ಲಿ ವೀರಸೇನರು ಶಂಕಾಕಾರನ ಬಾಯಿಂದ ಕ್ರಮವಾಗಿ ಕೆಲವು ಪ್ರಶ್ನೆಗಳನ್ನು ಎತ್ತಿಸುತ್ತಾರೆ. ಇದೇ ಆರ್ಷದಿಂದ ದ್ರವ್ಯಸ್ತ್ರೀಯರಿಗೆ ನಿರ್ವಾಣವು ಸಿದ್ಧಿಸಬಾರದೇಕೆ ಎಂಬುದು ಅವುಗಳಲ್ಲಿ ಒಂದು. ಸೂತ್ರವು ಐದನೆಯ ಗುಣಸ್ಥಾನಕ್ಕೇ ನಿಂತಿದ್ದರೆ ಈ ಶಂಕೆಯು ಏಳುವುದಕ್ಕೆ ಎಡೆಯೇ ಇಲ್ಲ. ಸಂಯತಾಸಂಯತಳಾದ ಶ್ರಾವಿಕೆಯನ್ನು ಕಂಡು ಇವಳಿಗೆ ಮೋಕ್ಷವೇಕಿಲ್ಲ ಎಂದು ಯಾರೂ ಸೂತ್ರವನ್ನು ಆಧಾರವಾಗಿಟ್ಟು ಕೇಳುವುದಿಲ್ಲ. ಮುಂದುವರಿದು, ಹಾಗಾದರೆ ಅವರಲ್ಲಿ ಹದಿನಾಲ್ಕು ಗುಣಸ್ಥಾನಗಳು ಹೇಗೆ ಎಂಬ ಶಂಕೆಯೂ ಬರುತ್ತದೆ. ಟೀಕಾಕಾರನ ಮುಂದಿದ್ದ ಸೂತ್ರದಲ್ಲಿ ‘ಸಂಜದ’ ಪದವಿದ್ದಿತೆಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಕಿಲ್ಲ. ಹನ್ನೆರಡನೆಯ ಶತಮಾನದ್ದೆಂದು ಗಣಿಸಲ್ಪಡುವ ಓಲೆಗಿಂತ ಟೀಕೆಯ ಸಾಕ್ಷ್ಯವು ಮುನ್ನೂರು ವರ್ಷಗಳಷ್ಟು ಹಿಂದಿನದು. ಪದವನ್ನು ತೆಗೆಯಬೇಕೆಂದವರೂ ಇದೇ ಟೀಕೆಯನ್ನು ಓದಿದ್ದರೆಂಬುದು ವಿಷಾದದ ಸಂಗತಿ. ಅವರು ಅದರಲ್ಲಿನ ಉತ್ತರವನ್ನು ಓದಿದರೇ ಹೊರತು ಪ್ರಶ್ನೆಯನ್ನು ಓದಲಿಲ್ಲ.

ಆ ಉತ್ತರವೂ ಅಷ್ಟೇ ಮುಖ್ಯವಾದುದು. ವಸ್ತ್ರಸಹಿತರಾದುದರಿಂದ ದ್ರವ್ಯಸ್ತ್ರೀಯರಿಗೆ ಸಂಯಮವಿಲ್ಲ. ಹದಿನಾಲ್ಕು ಗುಣಸ್ಥಾನಗಳನ್ನು ಹೇಳಿರುವುದು ಭಾವಸ್ತ್ರೀತ್ವದಿಂದ ವಿಶಿಷ್ಟವಾದ ಮನುಷ್ಯಗತಿಯನ್ನು ಮನಸ್ಸಿನಲ್ಲಿಟ್ಟು ಎಂದು ವೀರಸೇನರ ಸಮಾಧಾನ. ಇಲ್ಲಿ ಶಂಕಾಕಾರನು ಬಹು ಸೂಕ್ಷ್ಮವಾದ ತೊಡಕೊಂದನ್ನು ಮುಂದಿಡುತ್ತಾನೆ. ಭಾವವೇದವು ಒಂಬತ್ತನೆಯ ಗುಣಸ್ಥಾನದ ಸವೇದಭಾಗದಲ್ಲಿಯೇ ಮುಗಿದುಹೋಗುತ್ತದೆ. ಆಮೇಲೆ ಭಾವಸ್ತ್ರೀ ಎಂಬುವಳೇ ಇಲ್ಲ. ಹೀಗಿರುವಲ್ಲಿ ಅಯೋಗಕೇವಲಿಯವರೆಗೆ ಆ ಹೆಸರು ಹೇಗೆ ನಡೆಯುತ್ತದೆ? ಇದಕ್ಕೆ, ಇಲ್ಲಿ ಪ್ರಧಾನವಾದುದು ವೇದವಲ್ಲ, ಗತಿ. ಗತಿಯು ಅದಕ್ಕೆ ಮೊದಲು ನಷ್ಟವಾಗುವುದಿಲ್ಲ. ವಿಶೇಷಣವು ಹೋದರೂ ಉಪಚಾರದಿಂದ ವ್ಯಪದೇಶವು ಉಳಿಯುತ್ತದೆ ಎಂಬುದು ಉತ್ತರ. ತುಪ್ಪ ಮುಗಿದ ಮೇಲೂ ಗಡಿಗೆಯನ್ನು ತುಪ್ಪದ ಗಡಿಗೆಯೆಂದೇ ಮನೆಯವರು ಕರೆಯುವಂತೆ ಇದು. ಎರಡನೆಯ ಸಂಪುಟದ ಆಲಾಪಾಧಿಕಾರದಲ್ಲಿ ಈ ವಿಷಯವು ಇನ್ನೂ ಬಿಚ್ಚಿ ಹೇಳಲ್ಪಟ್ಟಿದೆ. ಭಾವದಿಂದ ಸ್ತ್ರೀವೇದವೂ ದ್ರವ್ಯದಿಂದ ಪುರುಷವೇದವೂ ಉಳ್ಳ ಜೀವಗಳು ಸಂಯಮವನ್ನು ಪಡೆಯುತ್ತವೆ, ದ್ರವ್ಯದಿಂದ ಸ್ತ್ರೀಯರಾದವರು ಪಡೆಯುವುದಿಲ್ಲ ಎಂದು ಅಲ್ಲಿ ವಿಭಾಗವಿದೆ. ಮಾನುಷಿಯರಿಗೆ ಹದಿನಾಲ್ಕು ಗುಣಸ್ಥಾನಗಳನ್ನು ಹೇಳಿ, ಅವರಿಗೆ ಆಹಾರಕಯೋಗಗಳಿಲ್ಲ, ಮನಃಪರ್ಯಯಜ್ಞಾನವಿಲ್ಲ ಎಂದು ಬೇರ್ಪಡಿಸಿರುವುದನ್ನೂ ನೋಡಬೇಕು. ದ್ರವ್ಯಸ್ತ್ರೀಯೇ ಉದ್ದಿಷ್ಟಳಾಗಿದ್ದರೆ, ಸಂಯಮವೇ ಇಲ್ಲದ ಕಡೆ ಸಂಯಮಿಗೆ ಮಾತ್ರ ಸಲ್ಲುವ ಈ ಎರಡನ್ನು ಹೆಸರಿಸಿ ನಿಷೇಧಿಸುವ ಪ್ರಯೋಜನವೇನು?

ಹೀಗೆ ನೋಡಿದಾಗ ‘ಮಣುಸಿಣೀ’ ಎಂಬುದು ಒಂದು ರಾಶಿಯ ಹೆಸರು. ಸಾಮಾನ್ಯಮನುಷ್ಯ, ಪರ್ಯಾಪ್ತಮನುಷ್ಯ, ಮಾನುಷಿ, ಅಪರ್ಯಾಪ್ತಮನುಷ್ಯ ಎಂದು ಮನುಷ್ಯಗತಿಯಲ್ಲಿ ನಾಲ್ಕು ವಿಭಾಗಗಳು. ಇವುಗಳಲ್ಲಿ ‘ಪುರುಷ’ ಎಂಬ ಶೀರ್ಷಿಕೆಯೇ ಇಲ್ಲವೆಂಬುದನ್ನು ಶಬ್ದಶಃ ಅನುವಾದಕನು ಗಮನಿಸಿದಂತೆ ಕಾಣುವುದಿಲ್ಲ. ಲೋಕವ್ಯವಹಾರದ ಹೆಂಗಸು ಎಂಬ ಅರ್ಥವೇ ಆಗಿದ್ದರೆ ಅದರ ಎದುರಿಗೆ ಗಂಡಸು ಎಂಬ ವಿಭಾಗವಿರಬೇಕಾಗಿದ್ದಿತು. ‘ಅಪರ್ಯಾಪ್ತ’ ಶಬ್ದಕ್ಕೂ ಇದೇ ಗತಿ. ಅದನ್ನು ಶಬ್ದಶಃ ‘ಅಪೂರ್ಣ’ ಎಂದು ಕನ್ನಡಿಸಿದರೆ ಅಂಗವಿಕಲನೆಂದೋ ಗುಣಹೀನನೆಂದೋ ಓದುಗನು ತಿಳಿದಾನೇ ಹೊರತು, ಜನ್ಮಾರಂಭದಲ್ಲಿ ಆಹಾರ-ಶರೀರಾದಿ ಪರ್ಯಾಪ್ತಿಗಳು ಇನ್ನೂ ಸಿದ್ಧಿಸದ ಜೀವವೆಂದು ಎಂದಿಗೂ ತಿಳಿಯಲಾರನು.

ಪೂರ್ವಪಕ್ಷದಲ್ಲಿ ಬಲವಿಲ್ಲವೆಂದು ಇದರಿಂದ ಭಾವಿಸಬಾರದು. ಅವರ ಮುಖ್ಯವಾದ ಯುಕ್ತಿಯೆಂದರೆ ಈ ಸೂತ್ರಗಳ ಪ್ರಕರಣವು ಪರ್ಯಾಪ್ತಿಯದು; ಪರ್ಯಾಪ್ತಿಯು ಶರೀರಕ್ಕೆ ಸಂಬಂಧಿಸಿದ್ದು; ಆದುದರಿಂದ ಇಲ್ಲಿ ದ್ರವ್ಯಶರೀರವೇ ವಿವಕ್ಷಿತ ಎಂಬುದು. ಸತ್ಪ್ರರೂಪಣೆಯ ಆರಂಭದಲ್ಲಿಯೇ ವೀರಸೇನರು ಇಲ್ಲಿನ ಮಾರ್ಗಣಾಸ್ಥಾನಗಳು ಭಾವಮಾರ್ಗಣೆಗಳೆಂದು ವಿವರಿಸಿರುವುದರಿಂದ ಈ ಯುಕ್ತಿಯು ಸಡಿಲವಾಗುತ್ತದೆ. ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತಮನುಷ್ಯರಾಶಿಯ ನಾಲ್ಕರಲ್ಲಿ ಮೂರು ಪಾಲು ಮಾನುಷಿಯರೆಂದು ಹೇಳಿದೆಯಷ್ಟೆ. ಆ ಎಡೆಯಲ್ಲಿ ಟೀಕಾಪರಂಪರೆಯು ಅದೇ ಶಬ್ದವನ್ನು ದ್ರವ್ಯಸ್ತ್ರೀಪರವಾಗಿ ವಿವರಿಸಿದೆ. ಅಲ್ಲಿ ದ್ರವ್ಯ, ಇಲ್ಲಿ ಭಾವ ಎಂದರೆ ಇದು ಅನುಕೂಲಶಾಸ್ತ್ರವಾಗದೆ? ಈ ಆಕ್ಷೇಪವನ್ನು ತಳ್ಳಿಹಾಕುವುದು ಪ್ರಾಮಾಣಿಕವಲ್ಲ. ಶಬ್ದಕ್ಕೆ ಎರಡೂ ಅರ್ಥಗಳುಂಟು, ಪ್ರಕರಣವು ನಿಯಾಮಕ ಎಂದು ಒಪ್ಪಿಕೊಳ್ಳುವುದೇ ಸರಿಯಾದ ಮಾರ್ಗ. ಹಾಗೆ ಒಪ್ಪಿದ ಕ್ಷಣವೇ ಪದಕ್ಕೊಂದು ಪದವೆಂಬ ಅನುವಾದದ ನಿಯಮವು ಮುರಿಯುತ್ತದೆಂಬುದು ಬೇರೆ ಮಾತು. ‘ಹೆಣ್ಣು’ ಎಂದು ಎಲ್ಲೆಡೆ ಇಟ್ಟರೆ ೯೩ನೆಯ ಸೂತ್ರವು ಕೆಡುತ್ತದೆ. ‘ಭಾವಸ್ತ್ರೀ’ ಎಂದು ಎಲ್ಲೆಡೆ ಇಟ್ಟರೆ ಜೀವಕಾಂಡದ ವಿವರಣೆಯು ಕೆಡುತ್ತದೆ.

ಈ ಚರ್ಚೆಯು ಆಧುನಿಕರು ಹುಟ್ಟುಹಾಕಿದ್ದಲ್ಲ. ವೀರಸೇನ-ಜಿನಸೇನರ ಕಾಲಕ್ಕೆ ಸಮೀಪದಲ್ಲಿಯೇ, ರಾಷ್ಟ್ರಕೂಟ ಅಮೋಘವರ್ಷನ ಆಶ್ರಯದಲ್ಲಿದ್ದ ಯಾಪನೀಯ ಆಚಾರ್ಯ ಶಾಕಟಾಯನರು ತಮ್ಮ ಸ್ತ್ರೀನಿರ್ವಾಣಪ್ರಕರಣದಲ್ಲಿ ಇದೇ ಗಂಟನ್ನು ಹಿಡಿದರು. ಆಗಮದಲ್ಲಿ ಸ್ತ್ರೀ ಎಂದಿರುವಾಗ ಮುಖ್ಯಾರ್ಥಕ್ಕೆ ಬಾಧೆಯನ್ನು ತೋರಿಸದೆ ಗೌಣಾರ್ಥವನ್ನು ಕಲ್ಪಿಸಕೂಡದೆಂಬುದು ಅವರ ವಾದದ ಸಾರ. ಸ್ವತಃ ವೈಯಾಕರಣರಾದ ಅವರಿಗೆ ಶಬ್ದಾರ್ಥದ ನಿಯಮಗಳು ಕರತಲಾಮಲಕವಾಗಿದ್ದವು. ದಿಗಂಬರ ಆಚಾರ್ಯರು ಅದಕ್ಕೆ ಬಾಧೆಯನ್ನೇ ತೋರಿಸಿ ಉತ್ತರಿಸಿದರು. ಪ್ರಭಾಚಂದ್ರರ ಗ್ರಂಥಗಳಲ್ಲಿ ಆ ಉತ್ತರವು ವಿಸ್ತಾರವಾಗಿದೆ. ಗಮನಾರ್ಹವಾದುದೆಂದರೆ ಆ ಕಾಲದ ಎರಡೂ ಪಕ್ಷದವರು ಪಾಠವನ್ನು ಮುಟ್ಟಲಿಲ್ಲ. ಸೂತ್ರವು ತಮಗೆ ಪ್ರತಿಕೂಲವಾಗಿ ಕಂಡರೆ ಅರ್ಥದ ಬಳಿಗೆ ಹೋದರು, ಓಲೆಯ ಬಳಿಗೆ ಕಂಟವನ್ನು ಹಿಡಿದು ಹೋಗಲಿಲ್ಲ. ಮೂಡಬಿದರೆಯ ಸಮೀಪದ ನೆಲ್ಲಿಕಾರಿನಲ್ಲಿ ಜನಿಸಿದ ಪದ್ಮನಾಭ 
ಶ್ರೀವರ್ಮ ಜೈನಿಯವರು ೧೯೯೧ರಲ್ಲಿ ಪ್ರಕಟಿಸಿದ ಆಂಗ್ಲ ಗ್ರಂಥದಲ್ಲಿ ಈ ವಾದಪರಂಪರೆಯನ್ನು ಉಭಯಪಕ್ಷಗಳ ಮೂಲಗಳಿಂದಲೇ ಅನುವಾದಿಸಿ ಕೊಟ್ಟಿರುವುದರಿಂದ ಪ್ರಾಕೃತ-ಸಂಸ್ಕೃತಗಳನ್ನು ಅರಿಯದವರಿಗೂ ಅದು ಈಗ ಸುಲಭವಾಗಿದೆ.

ಶಬ್ದಶಃ ಅನುವಾದದ ಇನ್ನೊಂದು ಪ್ರಸಿದ್ಧ ಪ್ರಕರಣವನ್ನು ಇದರೊಡನೆ ಇಟ್ಟು ನೋಡಬಹುದು. ೧೮೮೪ರಲ್ಲಿ ಪ್ರಾಚ್ಯ ಪವಿತ್ರಗ್ರಂಥಮಾಲೆಯ ೨೨ನೆಯ ಸಂಪುಟವಾಗಿ ಹೆರ್ಮನ್ ಯಾಕೋಬಿಯವರು ಆಚಾರಾಂಗವನ್ನು ಆಂಗ್ಲಕ್ಕೆ ತಂದಾಗ, ಭಿಕ್ಷಾವಿಧಿಯಲ್ಲಿ ಬರುವ ‘ಬಹುಅಟ್ಠಿಯ ಮಂಸ’ ಎಂಬುದನ್ನು ಮೂಳೆಗಳುಳ್ಳ ಮಾಂಸವೆಂದೇ ಅನುವಾದಿಸಿದರು. ಶ್ವೇತಾಂಬರ ಸಮಾಜದಲ್ಲಿ ಕೋಲಾಹಲವಾಯಿತು. ಆಕ್ಷೇಪಗಳು ದಶಕಗಟ್ಟಲೆ ಮುಂದುವರಿದವು. ೧೯೨೮ರಲ್ಲಿ ಯಾಕೋಬಿಯವರು ಪತ್ರಮುಖೇನ, ಪತಂಜಲಿಯ ಮಹಾಭಾಷ್ಯದಲ್ಲಿ ಬರುವ ನಾಂತರೀಯಕ ದೃಷ್ಟಾಂತದ ಬಲದಿಂದ, ಆ ಮಾತನ್ನು ಆಲಂಕಾರಿಕವಾಗಿ ತಿಳಿಯಬಹುದೆಂದು ಒಪ್ಪಿದರು. ಇಲ್ಲಿಯೂ ಸ್ವಾರಸ್ಯವಿರುವುದು ‘ಅಕ್ಷರಾರ್ಥ’ವೆಂಬುದು ಯಾವುದು ಎಂಬಲ್ಲಿ. ಸುಶ್ರುತಸಂಹಿತೆಯಲ್ಲಿ ಮಾವಿನ ಕಾಯಿಯ ಮಾಂಸ, ಅಸ್ಥಿ, ಮಜ್ಜೆಗಳ ಮಾತು ಬರುತ್ತದೆ. ಅಲ್ಲಿ ಮಾಂಸವೆಂದರೆ ತಿರುಳು, ಅಸ್ಥಿಯೆಂದರೆ ಓಟೆ. ವೈದ್ಯನಿಗೆ ಅದೇ ಅಕ್ಷರಾರ್ಥ. ಆಚಾರಾಂಗದ ಪ್ರಕೃತ ಸ್ಥಳದಲ್ಲಿ ಯಾವ ಅರ್ಥವು ಮೂಲದ್ದೆಂಬುದು ವಿದ್ವಾಂಸರಲ್ಲಿ ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಹಣ್ಣೆಂದು ಹೇಳಿದ ಮಾತ್ರಕ್ಕೆ ಎಲ್ಲ ತೊಡಕೂ ನಿವಾರಣೆಯಾಗುವುದಿಲ್ಲವೆಂಬುದೂ ನಿಜ. ಆದರೆ ಕೋಶದ ಮೊದಲ ಅರ್ಥವನ್ನೆತ್ತಿಟ್ಟು ‘ಇದು ನನ್ನ ವ್ಯಾಖ್ಯಾನವಲ್ಲ, ಮೂಲದ ಮಾತು’ ಎಂದು ಅನುವಾದಕನು ಕೈತೊಳೆದುಕೊಳ್ಳುವಂತಿಲ್ಲ. ಮೊದಲ ಅರ್ಥವನ್ನು ಆರಿಸಿದುದೂ ವ್ಯಾಖ್ಯಾನವೇ.

ಹಾಗೆಂದು ಎದುರು ತುದಿಗೆ ಹೋಗುವುದೂ ತರವಲ್ಲ. ಈಚಿನ ಕೆಲವು ಭಾಷಾಂತರಗಳಲ್ಲಿ ಟೀಕೆಯ ಅರ್ಥವನ್ನು ನೇರವಾಗಿ ಸೂತ್ರದೊಳಕ್ಕೆ ಸೇರಿಸಿ, ‘ಭಾವಸ್ತ್ರೀಯರಾದ ಮನುಷ್ಯರು’ ಎಂದು ಮೂಲದ ಮಾತೇ ಎಂಬಂತೆ ಬರೆಯುವ ರೂಢಿ ಕಾಣುತ್ತಿದೆ. ಸೂತ್ರದಲ್ಲಿ ‘ಭಾವ’ ಶಬ್ದವಿಲ್ಲ. ಸೂತ್ರಕಾರರಿಗೂ ವೀರಸೇನರಿಗೂ ನಡುವೆ ಹಲವು ಶತಮಾನಗಳ ಅಂತರವಿದೆ. ವೀರಸೇನರ ಅರ್ಥವೇ ಸೂತ್ರಕಾರರ ಅಭಿಪ್ರಾಯವೆಂಬುದು ಸಂಪ್ರದಾಯದ ನಿರ್ಣಯ. ಷಟ್ಖಂಡಾಗಮದ ಒಳಗಿನ ಇತರ ಸೂತ್ರಗಳು ಆ ನಿರ್ಣಯಕ್ಕೆ ಅನುಕೂಲವಾಗಿಯೇ ಇವೆ. ಆದರೂ ಅದು ನಿರ್ಣಯವೆಂಬುದು ಓದುಗನಿಗೆ ಕಾಣಬೇಕು. ಟೀಕೆಯನ್ನು ಮೂಲದಲ್ಲಿ ಬೆರಸಿದ ಅನುವಾದದಿಂದ ಮುಂದಿನ ತಲೆಮಾರಿನವರು ಪಾಠವನ್ನು ಊಹಿಸಹೊರಟರೆ, ‘ಸಂಜದ’ದ ಕಥೆಯೇ ಬೇರೊಂದು ರೂಪದಲ್ಲಿ ಮರುಕಳಿಸೀತು.

ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯನ್ನು ಕನ್ನಡದವರು ಹೊರಗಿನಿಂದ ತರಬೇಕಾಗಿಲ್ಲ. ಕೇಶವವರ್ಣಿಯು ಕ್ರಿ. ಶ. ೧೩೫೯ರಲ್ಲಿ ಗೊಮ್ಮಟಸಾರಕ್ಕೆ ಬರೆದ ಜೀವತತ್ತ್ವಪ್ರದೀಪಿಕೆಯು ಕನ್ನಡ ವೃತ್ತಿ. ಅದರ ಆಧಾರದ ಮೇಲೆ ಸಂಸ್ಕೃತ ಟೀಕೆಯು ಹುಟ್ಟಿತೇ ಹೊರತು ಸಂಸ್ಕೃತದಿಂದ ಕನ್ನಡವಲ್ಲವೆಂಬುದನ್ನು ಆ. ನೇ. ಉಪಾಧ್ಯೆಯವರು ಸಿದ್ಧಪಡಿಸಿದರು, ಅವರೂ ಕೈಲಾಶಚಂದ್ರ ಶಾಸ್ತ್ರಿಗಳೂ ಸಂಪಾದಿಸಿದ ಆ ವೃತ್ತಿಯು ಭಾರತೀಯ ಜ್ಞಾನಪೀಠದಿಂದ ೧೯೭೮ರಿಂದ ಸಂಪುಟಗಳಾಗಿ ಪ್ರಕಟವಾಯಿತು. ಟೋಡರಮಲ್ಲರ ಹಿಂದೀ ವಚನಿಕೆಗೆ ಆ ಸಂಸ್ಕೃತ ಟೀಕೆಯೇ ಆಧಾರವಾದುದರಿಂದ ಉತ್ತರದೇಶದ ಸ್ವಾಧ್ಯಾಯಪರಂಪರೆಯೂ ಪರಂಪರಯಾ ಈ ಕನ್ನಡ ವೃತ್ತಿಗೆ ಋಣಿಯಾಗಿದೆ. ಕೇಶವವರ್ಣಿಯ ಗದ್ಯವನ್ನು ನೋಡಿದವರು ಅದರಲ್ಲಿ ಕನ್ನಡವೆಷ್ಟು ಎಂದು ಮೂಗು ಮುರಿಯುವುದುಂಟು. ವಿಭಕ್ತಿ, ಕ್ರಿಯಾಪದ, ಅವ್ಯಯಗಳು ಕನ್ನಡದವು, ಪರಿಭಾಷೆಯೆಲ್ಲ ಸಂಸ್ಕೃತದ್ದು. ಅದು ಭಾಷಾದಾರಿದ್ರ್ಯವೆಂಬುದು ಅವಿಚಾರಿತವಾದ ಮಾತು. ಗಣಿತದಷ್ಟು ನಿಷ್ಕೃಷ್ಟವಾದ ಶಾಸ್ತ್ರದಲ್ಲಿ ಪರಿಭಾಷೆಯನ್ನು ಮುಟ್ಟದೆ, ಅವುಗಳ ನಡುವಣ ಸಂಬಂಧವನ್ನು ಮಾತ್ರ ದೇಶಭಾಷೆಯಲ್ಲಿ ಬಿಚ್ಚಿಡುವುದು ಬುದ್ಧಿಪೂರ್ವಕವಾದ ಆಯ್ಕೆ. ಅನುವಾದಿಸಬೇಕಾದ ಪದವಾವುದು, ಹಾಗೆಯೇ ಉಳಿಸಬೇಕಾದುದಾವುದು ಎಂಬ ವಿವೇಕ ಆತನಿಗಿದ್ದಿತು.

ಆ ಕ್ರಮವನ್ನು ಪ್ರಕೃತ ಸೂತ್ರಕ್ಕೆ ಅನ್ವಯಿಸುವುದಾದರೆ, ಕನ್ನಡ ಅನುವಾದದಲ್ಲಿ ‘ಮಾನುಷಿ’, ‘ಸಂಯತ’, ‘ಪರ್ಯಾಪ್ತ’ ಎಂಬ ಮೂರು ಪದಗಳನ್ನೂ ಬದಲಿಸದೆ ಉಳಿಸಬೇಕು. ‘ಹೆಂಗಸು’ ಎಂದಾಗಲಿ ‘ಭಾವಸ್ತ್ರೀ’ ಎಂದಾಗಲಿ ಸೂತ್ರದ ಸಾಲಿನಲ್ಲಿ ಬರೆಯಕೂಡದು. ‘ಸಂಜದ’ ಪದವು ಮೂಡಬಿದರೆಯ ಓಲೆಯಲ್ಲಿರುವುದನ್ನೂ, ೧೯೩೯ರ ಮುದ್ರಣಕ್ಕೆ ಆಧಾರವಾದ ಪ್ರತಿಗಳಲ್ಲಿ ಇಲ್ಲದಿದ್ದುದನ್ನೂ, ಟೀಕೆಯಲ್ಲಿನ ನಿರ್ವಾಣಶಂಕೆಯು ಅದರ ಇರವನ್ನು ಅಪೇಕ್ಷಿಸುವುದನ್ನೂ ಅಡಿಯಲ್ಲಿ ಕಾಣಿಸಬೇಕು. ಅದರ ಕೆಳಗೆ, ಬೇರೆಯಾಗಿ, ಮಾನುಷಿ ಶಬ್ದಕ್ಕೆ ವೀರಸೇನರು ಹೇಳಿದ ಅರ್ಥವನ್ನು ಅವರ ಹೆಸರಿನಲ್ಲಿಯೂ, ಜೀವಕಾಂಡದ ಎಡೆಯಲ್ಲಿ ಟೀಕಾಕಾರರು ಹೇಳಿದುದನ್ನು ಅವರ ಹೆಸರಿನಲ್ಲಿಯೂ ಕೊಡಬೇಕು. ಪುಟದಲ್ಲಿ ಸೂತ್ರದ ಅನುವಾದವು ಎರಡು ಸಾಲಾಗಿ, ಟಿಪ್ಪಣಿಯು ಇಪ್ಪತ್ತು ಸಾಲಾದರೂ ಆಗಲಿ; ಓಲೆಯಲ್ಲಿಯೂ ಸೂತ್ರಕ್ಕಿಂತ ಟೀಕೆಯೇ ಹೆಚ್ಚು ಎಡೆಯನ್ನು ಹಿಡಿದಿದೆ.